ಎರಡು ವಾರ ದಾಟಿದ ಬಾಯಿ ಹುಣ್ಣು: ಊರ ಆಸ್ಪತ್ರೆಯಲ್ಲೇ ಬೇಗ ಪತ್ತೆ ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿ ಬೇಜಾರಾಯಿತು. ನಿಮ್ಮ ಮಾವನಿಗೆ ನಾಲಿಗೆಯ ಪಕ್ಕದಲ್ಲಿ ಹುಣ್ಣಾಗಿತ್ತು, ಬಿ-ಕಾಂಪ್ಲೆಕ್ಸ್ ಮಾತ್ರೆ, ಹಚ್ಚುವ ಜೆಲ್ ಅಂತಲೇ ಐದು ತಿಂಗಳು ಕಳೆಯಿತು, ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಮೂರನೇ ಹಂತದ ಕ್ಯಾನ್ಸರ್ ಅಂದರು. ಮೊದಲು ನೋಡಿದ ಡಾಕ್ಟರಿಗೇ ಯಾಕೆ ಗೊತ್ತಾಗಲಿಲ್ಲ, ಸಣ್ಣ ಆಸ್ಪತ್ರೆಗಳಲ್ಲಿ ಬೇಗ ಪತ್ತೆ ಮಾಡಲು ಆಗುವುದೇ ಇಲ್ಲವಾ ಎಂದು ಕೇಳಿದ್ದೀರಿ.

ಆಗುತ್ತದೆ. ನಾನು ಹಾವೇರಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ವೈದ್ಯಾಧಿಕಾರಿ. ಬಾಯಿ ಕ್ಯಾನ್ಸರ್‌ನ ಅನುಮಾನ ಪಡಲು ಸ್ಕ್ಯಾನಿಂಗ್ ಬೇಡ, ಸ್ಪೆಷಲಿಸ್ಟ್ ಬೇಡ. ಬಾಯಿಯೊಳಗೆ ಸರಿಯಾಗಿ ನೋಡುವ ಅಭ್ಯಾಸ ಬೇಕು. ಮೇಲೆ ಕಳಿಸಿದ ರೋಗಿ ಪರೀಕ್ಷೆ ಮುಗಿಸುವವರೆಗೂ ಬೆನ್ನು ಬಿಡದ ಹಠ ಬೇಕು. ನಮ್ಮಲ್ಲಿ ಮೊದಲನೆಯದು ಕಡಿಮೆ. ಎರಡನೆಯದು ಇನ್ನೂ ಕಡಿಮೆ.

ಮೊದಲ ಸಲ ಬಂದಾಗ ಬಿ-ಕಾಂಪ್ಲೆಕ್ಸ್ ಕೊಟ್ಟ ಡಾಕ್ಟರನ್ನು ನಾನು ದೂರುವುದಿಲ್ಲ. ಒಂದು ಪಿಎಚ್‌ಸಿಗೆ ಸುಮಾರು 30,000 ಜನ ಅಂತ ಸರಕಾರದ ಲೆಕ್ಕ. ಬೆಳಗಿನ ಹೊತ್ತು ಒಬ್ಬೊಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ಅದರಲ್ಲಿ ಬಾಯಿ ಹುಣ್ಣಿನವರು ದಿನಾ ಇರುತ್ತಾರೆ. ಹೆಚ್ಚಿನವು ಒಂದೆರಡು ವಾರದಲ್ಲಿ ತಾವಾಗಿಯೇ ಮಾಯುತ್ತವೆ. ತಪ್ಪು ಶುರುವಾಗುವುದು ಅದೇ ಹುಣ್ಣಿಗೆ ಎರಡನೇ ಸಲ, ಮೂರನೇ ಸಲ ಅದೇ ಮಾತ್ರೆ ಬರೆದಾಗ. ಅದಕ್ಕೂ ಒಂದು ಕಾರಣ ಇದೆ. ರೋಗಿ ಈ ವಾರ ನಮ್ಮ ಹತ್ತಿರ, ಮುಂದಿನ ವಾರ ಸಂತೆಗೆ ಹೋದಾಗ ಅಲ್ಲಿಯ ಡಾಕ್ಟರ್ ಹತ್ತಿರ, ಆಮೇಲೆ ನೇರ ಮೆಡಿಕಲ್ ಶಾಪಿಗೆ. ಪ್ರತಿಯೊಬ್ಬರಿಗೂ ಅದು ಹೊಸ ಹುಣ್ಣು. ಪೂರ್ತಿ ಲೆಕ್ಕ ಯಾರ ಹತ್ತಿರವೂ ಇಲ್ಲ. ಜೆಲ್ ಹಚ್ಚಿದಾಗ ಉರಿ ಸ್ವಲ್ಪ ತಗ್ಗುತ್ತದೆ, ಎಲ್ಲರಿಗೂ ಸಮಾಧಾನ ಆಗುತ್ತದೆ.

ಹಾಗಾಗಿ "ಯಾವಾಗಿಂದ ಇದೆ?" ಅನ್ನುವುದೇ ದೊಡ್ಡ ಪ್ರಶ್ನೆ. ಸುಮ್ನೆ ಕೇಳಿದರೆ "ಮೊನ್ನೆ ಮೊನ್ನೆ ಆಗೇತ್ರಿ" ಅನ್ನುತ್ತಾರೆ. "ಕಾರ ಹುಣ್ಣಿಮೆಗೆ ಇತ್ತಾ? ಬಿತ್ತನೆ ಟೈಮಲ್ಲಿ ಇತ್ತಾ?" ಅಂತ ಕೇಳಿದರೆ ಒಂದು ಕ್ಷಣ ಯೋಚಿಸಿ "ಹೌದ್ರಿ, ಆಗಲೂ ಇತ್ತು" ಅನ್ನುತ್ತಾರೆ. ಅಲ್ಲಿಗೆ ನಾಲ್ಕು ದಿನದ ಹುಣ್ಣು ಎರಡು ತಿಂಗಳದ್ದಾಗುತ್ತದೆ! ಇನ್ನೊಂದು ವಿಷಯ, ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಬಹಳ ಸಲ ನೋಯುವುದಿಲ್ಲ. ನೋವಿಲ್ಲ ಅಂದರೆ ಜನ ಸುಮ್ಮನಿರುತ್ತಾರೆ. ಉರಿ ಇದ್ದರೆ "ಉಷ್ಣ ಆಗಿದೆ" ಅಂತ ಎಳನೀರು, ಮಜ್ಜಿಗೆ ಕುಡಿಯುತ್ತಾರೆ. ರೊಟ್ಟಿ ಜೊತೆ ಖಾರದ ಚಟ್ನಿ ತಿನ್ನುತ್ತಿದ್ದ ಹುಡುಗನಿಗೆ ಈಗ ಸಾರಿನ ಖಾರವನ್ನೂ ತಡೆಯಲು ಆಗುತ್ತಿಲ್ಲ ಅಂದರೆ, ಅವನು ಗುಟ್ಕಾ ಹಾಕುವವನಾದರೆ, ಅದು ಉಷ್ಣ ಅಲ್ಲ. ಅಡಿಕೆಯಿಂದ ಕೆನ್ನೆಯ ಒಳಚರ್ಮ ಬಿಗಿಯಾಗುತ್ತಾ ಬರುವ ಕಾಯಿಲೆಯ ಮೊದಲ ಸೂಚನೆ ಅದು. ಮುಂದೆ ಅವನ ಬಾಯಿ ಪೂರ್ತಿ ತೆರೆಯುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಕ್ಯಾನ್ಸರ್ ಬರುತ್ತದೆ.

ಇನ್ನು ಬಾಯಿ ನೋಡುವ ಬಗ್ಗೆ. "ಆ ಅನ್ರಿ" ಅಂತ ದೂರದಿಂದ ಟಾರ್ಚ್ ಬಿಟ್ಟರೆ ಕಾಣುವುದು ಗಂಟಲು ಮಾತ್ರ. ಕ್ಯಾನ್ಸರ್ ಇರುವುದು ಅಲ್ಲಲ್ಲ. ನಮ್ಮ ಕಡೆ ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಇಡುವುದು ಕೆನ್ನೆ ಮತ್ತು ಒಸಡಿನ ನಡುವಿನ ಸಂದಿಯಲ್ಲಿ. ಕೆನ್ನೆಯನ್ನು ಪಕ್ಕಕ್ಕೆ ಎಳೆಯದೆ ಅದು ಕಾಣುವುದೇ ಇಲ್ಲ. "ಯಾವ ಕಡೆ ಇಡ್ತೀರಿ?" ಅಂತ ಕೇಳಿ ಆ ಕಡೆಯಿಂದಲೇ ಶುರು ಮಾಡಬೇಕು. ಆಮೇಲೆ ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಹೊರಗೆಳೆದು ಎರಡೂ ಅಂಚು ಹಿಂದಿನವರೆಗೂ ನೋಡಬೇಕು. ನಿಮ್ಮ ಮಾವನ ಹುಣ್ಣು ಇದ್ದದ್ದು ಅಲ್ಲೇ. ನಾಲಿಗೆ ಮೇಲೆತ್ತಿಸಿ ಅದರ ಕೆಳಗಿನ ಭಾಗ ನೋಡಬೇಕು. ಹಲ್ಲಿನ ಸೆಟ್ ಇದ್ದರೆ ತೆಗೆಸಬೇಕು. ಕೊನೆಗೆ ಗ್ಲೌಸ್ ಹಾಕಿ ಹುಣ್ಣನ್ನು ಮುಟ್ಟಲೇಬೇಕು. ಮಾಮೂಲಿ ಹುಣ್ಣಿನ ಅಂಚು ಮೆತ್ತಗಿರುತ್ತದೆ. ಕ್ಯಾನ್ಸರ್ ಹುಣ್ಣಿನ ಅಂಚು ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ, ಬುಡದಲ್ಲಿ ಏನೋ ಹೂತಿಟ್ಟ ಹಾಗೆ. ಒಮ್ಮೆ ಬೆರಳಿಗೆ ಸಿಕ್ಕರೆ ಆ ಗಟ್ಟಿತನ ಮರೆಯುವುದಿಲ್ಲ. ಕುತ್ತಿಗೆಯಲ್ಲಿ ಗಂಟು ಇದೆಯಾ ಅಂತ ಒತ್ತಿ ನೋಡಬೇಕು. ಬಾಯಿ ತೆರೆದಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಮೂರು ಬೆರಳು ಒಂದರ ಮೇಲೊಂದು ಹಿಡಿಯುತ್ತವಾ ನೋಡಬೇಕು. ಎಲ್ಲ ಸೇರಿ ಎರಡೇ ನಿಮಿಷ.

ಚೂಪು ಹಲ್ಲು ತಾಗಿ ಆದ ಹುಣ್ಣು ಅನ್ನಿಸಿದರೆ ದಂತವೈದ್ಯರಿಂದ ಆ ಹಲ್ಲಿನ ಚೂಪನ್ನು ಉಜ್ಜಿಸಿ ನುಣುಪು ಮಾಡಿಸಿ, ಎರಡು ವಾರ ಬಿಟ್ಟು ನೋಡಿದರೆ ಮಾದಿರಬೇಕು. ಮಾಯದಿದ್ದರೆ ಬಯಾಪ್ಸಿ, ಅಂದರೆ ಹುಣ್ಣಿನ ಸಣ್ಣ ಚೂರು ತೆಗೆದು ಲ್ಯಾಬ್‌ನಲ್ಲಿ ಪರೀಕ್ಷೆ. ಬಿಳಿ ಮಚ್ಚೆ, ಅದರಲ್ಲೂ ಕೆಂಪು ಮಚ್ಚೆ ಕಂಡರೆ ಅದು ಹುಣ್ಣಾಗಲಿ ಅಂತ ಕಾಯುವ ಮಾತೇ ಇಲ್ಲ. "ಕಡಿಮೆ ಆಗದಿದ್ದರೆ ಬನ್ನಿ" ಅಂತ ಹೇಳಿ ಕಳಿಸುವುದು ನನಗೆ ಸ್ವಲ್ಪವೂ ಇಷ್ಟ ಇಲ್ಲ. ಚೀಟಿಯ ಮೇಲೆ ತಾರೀಕು ಬರೆದು, "ವಾಸಿ ಆದರೂ ಸರಿ, ಆಗದಿದ್ದರೂ ಸರಿ, ಈ ದಿನ ತೋರಿಸಲೇಬೇಕು" ಅನ್ನಬೇಕು.

ನನ್ನ ಪ್ರಕಾರ ನಾವು ಜಾಸ್ತಿ ಸೋಲುವುದು ಇದರ ನಂತರ. ಅನುಮಾನ ಬಂತು, ಚೀಟಿ ಬರೆದೆವು, "ಜಿಲ್ಲಾಸ್ಪತ್ರೆಗೆ ಹೋಗಿ" ಅಂದೆವು. ಮುಂದೆ? ಅವರು ಹೋದರಾ, ಬಯಾಪ್ಸಿ ಆಯಿತಾ, ರಿಪೋರ್ಟ್ ಬಂತಾ, ಯಾರಿಗೂ ಗೊತ್ತಿಲ್ಲ. ಕೂಲಿ ಬಿಟ್ಟು ಹೋಗಬೇಕು. ಜೊತೆಗೆ ಒಬ್ಬರು ಬೇಕು. ಹೋದ ದಿನ ಡಾಕ್ಟರ್ ಇರುವುದಿಲ್ಲ. "ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತೆ" ಅಂತ ಬಸ್ಸಿನಲ್ಲಿ ಯಾರೋ ಹೇಳುತ್ತಾರೆ. ಬಯಾಪ್ಸಿಯಿಂದ ಬಾಯಿ ಕ್ಯಾನ್ಸರ್ ಹರಡುವುದಿಲ್ಲ, ಬಯಾಪ್ಸಿ ಇಲ್ಲದೆ ಯಾವ ಚಿಕಿತ್ಸೆಯೂ ಶುರುವಾಗುವುದಿಲ್ಲ. ಇದನ್ನು ಚೀಟಿ ಕೊಡುವಾಗಲೇ, ಮನೆಯವರ ಎದುರಿಗೇ ಹೇಳಬೇಕು.

ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ತರಬೇತಿ ಪಡೆದ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ನೋಡಿದರು. ಡಾಕ್ಟರುಗಳಲ್ಲ, ಗಮನಿಸಿ. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆ ಆಯಿತು ಅಂತ 2005ರಲ್ಲಿ ಫಲಿತಾಂಶ ಬಂತು. ಬರೀ ಬೆಳಕು ಮತ್ತು ಕಣ್ಣು! ಆದರೆ ಅಷ್ಟು ಚೆನ್ನಾಗಿ ನಡೆಸಿದ ಅಧ್ಯಯನದಲ್ಲೂ ಅನುಮಾನ ಬಂದು ಮುಂದಿನ ಪರೀಕ್ಷೆಗೆ ಕಳಿಸಿದವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಹೋಗಲೇ ಇಲ್ಲ. ಅಂದರೆ ಕಣ್ಣಿಗೆ ಬಿದ್ದ ರೋಗವೂ ದಾರಿಯಲ್ಲಿ ಕಳೆದುಹೋಗುತ್ತದೆ.

ಅದಕ್ಕೇ ನಾವು ಒಂದು ಮಾಮೂಲಿ ನೋಟ್‌ಬುಕ್ ಇಟ್ಟಿದ್ದೇವೆ. ಹೆಸರು, ಫೋನ್, ಮನೆಯವರೊಬ್ಬರ ಫೋನ್, ಆ ಊರಿನ ಆಶಾ ಕಾರ್ಯಕರ್ತೆಯ ಹೆಸರು, ಕಳಿಸಿದ ದಿನ, ಬಯಾಪ್ಸಿ ಆದ ದಿನ, ರಿಪೋರ್ಟ್. ಕೊನೆಯ ಎರಡು ಕಾಲಂ ಖಾಲಿ ಇದ್ದರೆ ಸೋಮವಾರ ನರ್ಸ್ ಫೋನ್ ಮಾಡುತ್ತಾರೆ. ಎತ್ತದಿದ್ದರೆ ಆಶಾ ಮನೆಗೆ ಹೋಗುತ್ತಾರೆ. ಕಳಿಸುವ ಮುಂಚೆ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಫೋನ್ ಮಾಡಿ ಅವರು ಇರುವ ದಿನ ಕೇಳಿಕೊಳ್ಳುತ್ತೇವೆ. ಎಷ್ಟೋ ಜನರಿಗೆ ಆ ಒಂದು ಫೋನಿನಿಂದ ಎರಡು ಸುತ್ತು ಓಡಾಟ ಉಳಿಯುತ್ತದೆ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ.

ಇಂಗ್ಲೆಂಡಿನಲ್ಲಿ ಇದನ್ನೇ ವ್ಯವಸ್ಥೆಯಾಗಿ ಮಾಡಿದ್ದಾರೆ. ಫ್ಯಾಮಿಲಿ ಡಾಕ್ಟರ್ ಕ್ಯಾನ್ಸರ್ ಅನುಮಾನದಿಂದ ಕಳಿಸಿದರೆ 28 ದಿನದೊಳಗೆ ಇದೆ ಅಥವಾ ಇಲ್ಲ ಅಂತ ರೋಗಿಗೆ ತಿಳಿಸಬೇಕು ಅನ್ನುವುದು ಅಲ್ಲಿಯ ಗುರಿ. ಎಲ್ಲ ಕಡೆ ಅದು ಮುಟ್ಟುತ್ತದೆ ಅಂತಲ್ಲ. ಆದರೆ ದಿನ ಎಣಿಸುತ್ತಾರೆ. ನಮ್ಮಲ್ಲಿ ಎಷ್ಟು ಜನರ ಬಾಯಿ ನೋಡಿದಿರಿ ಅಂತ ವರದಿ ಕೇಳುತ್ತಾರೆ. ಕಳಿಸಿದವರಿಗೆ ಎಷ್ಟು ದಿನದಲ್ಲಿ ರಿಪೋರ್ಟ್ ಸಿಕ್ಕಿತು ಅಂತಲೂ ಅಷ್ಟೇ ಜೋರಾಗಿ ಕೇಳಬೇಕು. ನನಗೆ ಒಂದೇ ಒಂದು ಬದಲಾವಣೆ ಮಾಡಿಸುವ ಅಧಿಕಾರ ಇದ್ದರೆ ಇದನ್ನೇ ಮಾಡಿಸುತ್ತಿದ್ದೆ.

ನೋಡುವ ಕೆಲಸವೂ ಸಾಲದು ಬಿಡಿ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಮಾಡಬೇಕು ಅಂತ ಕೇಂದ್ರ ಸರಕಾರ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಆದವರು ದೇಶದಲ್ಲಿ ಶೇ. 1.9. ಬಾಯಿ ತಪಾಸಣೆ ಆದವರು ಶೇ. 1 ಕೂಡ ಇಲ್ಲ. ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ "ಎರಡು ವಾರದಿಂದ ಮಾಯದ ಬಾಯಿ ಹುಣ್ಣು ಇದೆಯಾ" ಅನ್ನುವ ಪ್ರಶ್ನೆ ಇದೆ. ಫಾರಂ ತುಂಬಿದ ದಿನವೇ "ಹೌದು" ಅಂದವರ ಹೆಸರು ಡಾಕ್ಟರಿಗೆ ತಲುಪಬೇಕು.

ಬೇರೆ ಕ್ಯಾನ್ಸರುಗಳಲ್ಲೂ ಇದೇ ಕಥೆ. ಮಲದಲ್ಲಿ ರಕ್ತ ಅಂದರೆ ಮೂಲವ್ಯಾಧಿ ಅಂದುಕೊಳ್ಳುತ್ತೇವೆ, ಬೆರಳು ಹಾಕಿ ಪರೀಕ್ಷೆ ಮಾಡಲು ಡಾಕ್ಟರಿಗೂ ಸಂಕೋಚ, ರೋಗಿಗೂ ಸಂಕೋಚ. ಕಫದಲ್ಲಿ ಟಿಬಿ ಸಿಗದೆ ಎಕ್ಸ್-ರೇ ಮೇಲೆ ಮಾತ್ರ ಟಿಬಿ ಮಾತ್ರೆ ಶುರುವಾಗಿ, ಕೆಮ್ಮು ತಗ್ಗದೆ ತಿಂಗಳು ಕಳೆದರೆ ಶ್ವಾಸಕೋಶದ ಕ್ಯಾನ್ಸರ್ ಇರಬಹುದಾ ಅಂತ ನೋಡಲೇಬೇಕು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಮುಟ್ಟು ಅಂತ ಬಿಡಬಾರದು. ಸ್ತನದ ಗಂಟು ನೋಯದಿದ್ದರೂ ತೋರಿಸಬೇಕು. ನನ್ನ ಸರಳ ನಿಯಮ ಇಷ್ಟು: ಅದೇ ತೊಂದರೆಗೆ ಮೂರನೇ ಸಲ ಬಂದವರಿಗೆ ಅದೇ ಮಾತ್ರೆ ಮೂರನೇ ಸಲ ಬರೆಯುವುದಿಲ್ಲ.

ಈಗ ನಿಮ್ಮ ಮಾವನ ವಿಷಯ. ಮೂರನೇ ಹಂತ ಅಂದರೆ ಕೈ ಮೀರಿತು ಅಂತ ಅಲ್ಲ. ಗುಣ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ. ಸಾಮಾನ್ಯವಾಗಿ ಆಪರೇಷನ್, ಆಮೇಲೆ ರೇಡಿಯೇಷನ್, ಕೆಲವರಿಗೆ ಕೀಮೋ. ಬೆಂಗಳೂರಿನ ಕಿದ್ವಾಯಿ ಆಗಬಹುದು, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಆಗಬಹುದು, ನಿಮಗೆ ಹತ್ತಿರದ್ದನ್ನು ಆರಿಸಿ ಅಲ್ಲೇ ಪೂರ್ತಿ ಮುಗಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ರೇಡಿಯೇಷನ್‌ಗೆ ಮುಂಚೆ ಹಲ್ಲು ತೋರಿಸಿ, ಕೀಳುವ ಹಲ್ಲಿದ್ದರೆ ಆಗಲೇ ಕೀಳಿಸಬೇಕು. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು, ಆದ್ದರಿಂದ ಡಿಸ್ಚಾರ್ಜ್ ದಿನವೇ ಆ ತಾರೀಕು ಕೇಳಿ. ಮಾವನಿಗೆ ಹೊಗೆಸೊಪ್ಪಿನ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ಮನೆಯಲ್ಲಿ ಇನ್ಯಾರಾದರೂ ಎಲೆ ಅಡಿಕೆ, ಗುಟ್ಕಾ ಹಾಕುವವರಿದ್ದರೆ ಮಾವನ ಜೊತೆ ಆಸ್ಪತ್ರೆಗೆ ಹೋದ ದಿನವೇ ಅವರ ಬಾಯಿಯನ್ನೂ ತೋರಿಸಿಬಿಡಿ. ರಿಪೋರ್ಟಿನಲ್ಲಿ ಏನಾದರೂ ಅರ್ಥವಾಗದಿದ್ದರೆ ಹೆಸರು, ನಂಬರ್ ಮುಚ್ಚಿ ಇಲ್ಲೇ ಕೇಳಿ, ಗೊತ್ತಿದ್ದಷ್ಟು ಬಿಡಿಸಿ ಹೇಳುತ್ತೇನೆ.