ಸರಿಸಿಟ್ಟ ಕಾಲಂ ಮತ್ತೆ ಹಳೆಯ ಜಾಗಕ್ಕೇ ಹೋಗುವುದೇಕೆ?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕಾಗಿ ದಿನದ ಹಾಲು ಸಂಗ್ರಹದ ಲೆಕ್ಕ ತೋರಿಸುವ ವೆಬ್ ಪುಟವೊಂದನ್ನು ಸಿದ್ಧಪಡಿಸಿದ್ದೇನೆ. ಸದಸ್ಯ ಸಂಖ್ಯೆ, ಹೆಸರು, ಲೀಟರ್, ಫ್ಯಾಟ್, ದರ, ಮೊತ್ತ ಎಂಬ ಕಾಲಂಗಳಿರುವ ಕೋಷ್ಟಕ ಅದರಲ್ಲಿದೆ. ಕಾರ್ಯದರ್ಶಿಯವರು ಫ್ಯಾಟ್ ಕಾಲಂ ಅನ್ನು ಎಳೆದು ಹೆಸರಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಆ ಕ್ರಮವನ್ನು ಜಾವಾಸ್ಕ್ರಿಪ್ಟ್ ಮೂಲಕ ಕುಕೀಯಲ್ಲಿ (ತಾಣವು ಬ್ರೌಸರಿನಲ್ಲಿ ಇಡುವ ಪುಟ್ಟ ಟಿಪ್ಪಣಿಯಲ್ಲಿ) ಉಳಿಸುತ್ತಿದ್ದೇನೆ. ಆದರೆ ಬ್ರೌಸರ್ ಮುಚ್ಚಿ ತೆರೆದರೆ ಅದು ಇರುವುದಿಲ್ಲ. ಬಟವಾಡೆಯ ಪುಟಕ್ಕೆ ಹೋದರೆ ಅಲ್ಲಿಯೂ ಅನ್ವಯವಾಗುವುದಿಲ್ಲ. ಹೊಸದಾಗಿ ಎಸ್‌ಎನ್‌ಎಫ್ (ಹಾಲಿನ ಕೊಬ್ಬಲ್ಲದ ಘನಾಂಶ) ಕಾಲಂ ಸೇರಿಸಿದ ಮೇಲಂತೂ ಕ್ರಮವೇ ಕಲಸಿಹೋಗಿದೆ. ಕುಕೀ ಬಿಟ್ಟು, ಬ್ರೌಸರಿನಲ್ಲೇ ಮಾಹಿತಿ ಕೂಡಿಡುವ ಲೋಕಲ್ ಸ್ಟೋರೇಜ್ ಬಳಸಬೇಕೇ?
— ಓದುಗರು, ಹಾಸನ ಜಿಲ್ಲೆ

ಉತ್ತರ: ಕುಕೀಯನ್ನು ಬಿಡುವ ಅಗತ್ಯವಿಲ್ಲ. ನೀವು ಹೇಳಿರುವ ಮೂರು ತೊಂದರೆಗಳಿಗೆ ಮೂರು ಬೇರೆ ಕಾರಣಗಳಿವೆ. ಮೊದಲಿನ ಎರಡು, ಕುಕೀ ಬರೆಯುವಾಗ ಬಿಟ್ಟುಹೋದ ಒಂದೊಂದು ವಿವರದಿಂದ ಬಂದವು. ಮೂರನೆಯದು, ಕುಕೀಯ ಒಳಗೆ ಏನನ್ನು ಬರೆದಿದ್ದೀರಿ ಎಂಬುದರಿಂದ ಬಂದದ್ದು.

ಕುಕೀಗೆ ಅವಧಿಯನ್ನು ಹೇಳದೆ ಬರೆದರೆ ಅದು ಆ ಬಾರಿಯ ಬಳಕೆಗೆ ಮಾತ್ರ ಸೇರಿದ್ದೆಂದು ಬ್ರೌಸರ್ ತಿಳಿಯುತ್ತದೆ, ಮುಚ್ಚಿದಾಗ ಅಳಿಸುತ್ತದೆ. ಮ್ಯಾಕ್ಸ್-ಏಜ್ ಎಂಬ ಗುಣದಲ್ಲಿ ಅವಧಿಯನ್ನು ಸೆಕೆಂಡುಗಳಲ್ಲಿ ಕೊಡಿ. ಹತ್ತು ವರ್ಷ ಎಂದು ಬರೆದು ಪ್ರಯೋಜನವಿಲ್ಲ, ಏಕೆಂದರೆ 2022ರಲ್ಲಿ ಬಂದ 104ನೇ ಆವೃತ್ತಿಯಿಂದ ಈಚೆಗೆ ಕ್ರೋಮ್ ಯಾವ ಕುಕೀಯನ್ನೂ 400 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಪುಟ ತೆರೆದಾಗಲೆಲ್ಲ ಅದೇ ಕುಕೀಯನ್ನು ಮತ್ತೊಮ್ಮೆ ಬರೆದರೆ ಅವಧಿ ತಾನಾಗಿ ಮುಂದಕ್ಕೆ ಹೋಗುತ್ತದೆ. ಎರಡನೆಯದು ಪಾತ್. ಅದನ್ನು ಹೇಳದಿದ್ದರೆ, ಕುಕೀ ಬರೆದ ಪುಟ ಯಾವ ಫೋಲ್ಡರಿನ ವಿಳಾಸದಲ್ಲಿದೆಯೋ ಆ ಫೋಲ್ಡರಿಗೆ ಮಾತ್ರ ಕುಕೀ ಸೀಮಿತವಾಗುತ್ತದೆ. ನಿಮ್ಮ ಸಂಗ್ರಹದ ಪುಟ ಒಂದು ಫೋಲ್ಡರಿನಲ್ಲೂ ಬಟವಾಡೆಯ ಪುಟ ಇನ್ನೊಂದರಲ್ಲೂ ಇರಬೇಕು. ಪಾತ್ ಜಾಗದಲ್ಲಿ ಬರೀ ಓರೆಗೆರೆಯೊಂದನ್ನು ಕೊಟ್ಟರೆ ಇಡೀ ತಾಣಕ್ಕೆ ಆ ಕುಕೀ ಕಾಣುತ್ತದೆ. ಆದರೆ ಎರಡು ಪುಟಗಳಿಗೂ ಒಂದೇ ಕ್ರಮ ಬೇಕೇ ಎಂಬುದನ್ನು ಮೊದಲು ಕಾರ್ಯದರ್ಶಿಯವರಲ್ಲಿ ಕೇಳಿಕೊಳ್ಳಿ. ಹಾಲು ಅಳೆಯುವಾಗ ಫ್ಯಾಟ್ ಕಣ್ಣಿಗೆ ಬೀಳಬೇಕು, ಬಟವಾಡೆಯ ದಿನ ಮೊತ್ತ ಬೀಳಬೇಕು. ಹಾಗಿದ್ದರೆ ಕೋಷ್ಟಕಕ್ಕೊಂದು ಕುಕೀಯಂತೆ ಬೇರೆ ಬೇರೆ ಹೆಸರಿನಲ್ಲಿ ಇಡುವುದೇ ಸರಿ.

ಮೂರನೆಯ ತೊಂದರೆಯೇ ನಿಜವಾಗಿ ಗಮನ ಬೇಡುವಂಥದ್ದು. ನೀವು ಕಾಲಂಗಳ ಸ್ಥಾನಸಂಖ್ಯೆಗಳನ್ನು, ಎಂದರೆ 1, 2, 4, 3 ಎಂಬಂತೆ, ಉಳಿಸಿದ್ದೀರಿ ಎಂದು ತೋರುತ್ತದೆ. ಫ್ಯಾಟ್ ಆದ ಮೇಲೆ ಎಸ್‌ಎನ್‌ಎಫ್ ಬಂದು ಕುಳಿತಾಗ ದರ 5ರಿಂದ 6ಕ್ಕೂ ಮೊತ್ತ 6ರಿಂದ 7ಕ್ಕೂ ಸರಿದವು. ಕುಕೀಯಲ್ಲಿರುವ ಹಳೆಯ ಸಂಖ್ಯೆಗಳು ಮಾತ್ರ ಹಾಗೆಯೇ ಉಳಿದು ಈಗ ಬೇರೆ ಕಾಲಂಗಳನ್ನು ಸೂಚಿಸುತ್ತಿವೆ. ಇದಕ್ಕಿಂತ ಅಪಾಯಕಾರಿಯಾದದ್ದು, ತಲೆಬರಹದ ಸಾಲನ್ನು ಒಂದು ಕಡೆ, ಮಾಹಿತಿಯ ಸಾಲುಗಳನ್ನು ಇನ್ನೊಂದು ಕಡೆ ಬೇರೆ ಬೇರೆಯಾಗಿ ಮರುಜೋಡಿಸುವ ಪದ್ಧತಿ: ಒಂದರಲ್ಲಿ ತಪ್ಪಿದರೆ ದರದ ತಲೆಬರಹದ ಕೆಳಗೆ ಮೊತ್ತ ಬಂದು ನಿಲ್ಲುತ್ತದೆ, ಹಾಲು ಹಾಕಿದ ಸದಸ್ಯರ ದುಡ್ಡಿನ ವಿಷಯದಲ್ಲಿ ಅಂಥ ಗೊಂದಲಕ್ಕೆ ಎಡೆ ಕೊಡಬಾರದು. ಆದ್ದರಿಂದ ಪ್ರತಿ ಕಾಲಂಗೂ ಎಂದೂ ಬದಲಾಗದ ಒಂದು ಗುರುತನ್ನು ಕೊಡಿ, ಕ್ರಮವನ್ನು ಆ ಗುರುತುಗಳಲ್ಲೇ ಬರೆಯಿರಿ, ತಲೆಬರಹ ಮತ್ತು ಸಾಲುಗಳೆರಡನ್ನೂ ಆ ಒಂದೇ ಪಟ್ಟಿಯಿಂದ ಹುಟ್ಟಿಸಿ.

ಓದಿಕೊಳ್ಳುವಾಗಲೂ ಕುಕೀ ಹೇಳಿದ್ದನ್ನೇ ಅಂತಿಮವೆಂದು ಒಪ್ಪಬಾರದು. ಕೋಷ್ಟಕದಲ್ಲಿ ಇಂದು ಯಾವ ಕಾಲಂಗಳಿವೆ ಎಂಬ ಪಟ್ಟಿ ನಿಮ್ಮ ಪ್ರೋಗ್ರಾಮಿನಲ್ಲೇ ಇರುತ್ತದೆ. ಕುಕೀಯಲ್ಲಿದ್ದು ಆ ಪಟ್ಟಿಯಲ್ಲಿಲ್ಲದ ಗುರುತನ್ನು ಕೈಬಿಡಿ, ಎರಡು ಸಲ ಬಂದದ್ದನ್ನು ಒಮ್ಮೆ ಮಾತ್ರ ತೆಗೆದುಕೊಳ್ಳಿ, ಪಟ್ಟಿಯಲ್ಲಿದ್ದು ಕುಕೀಯಲ್ಲಿಲ್ಲದ ಹೊಸ ಕಾಲಂ ಅನ್ನು ಮೂಲ ಕ್ರಮದಲ್ಲಿ ಅದರ ಹಿಂದೆ ಯಾವುದಿತ್ತೋ ಅದರ ಪಕ್ಕದಲ್ಲೇ ಸೇರಿಸಿ. ಹೀಗೆ ಮಾಡಿದ್ದರೆ ಎಸ್‌ಎನ್‌ಎಫ್ ತಾನಾಗಿ ಫ್ಯಾಟಿನ ಬಲಕ್ಕೆ ಬಂದು, ಕಾರ್ಯದರ್ಶಿಯವರು ಮಾಡಿಕೊಂಡ ಉಳಿದ ಏರ್ಪಾಡು ಕದಲದೆ ಇರುತ್ತಿತ್ತು. ಕುಕೀಯನ್ನು ಯಾರು ಬೇಕಾದರೂ ತಮ್ಮ ಬ್ರೌಸರಿನಲ್ಲಿ ತಿದ್ದಬಹುದಾದ್ದರಿಂದ, ಅದರಲ್ಲಿರುವ ಪದಗಳನ್ನು ನೇರವಾಗಿ ಡೇಟಾಬೇಸಿನ ಪ್ರಶ್ನೆಯೊಳಗೆ ಸೇರಿಸಲೇಬೇಡಿ. ಮೇಲಿನ ಜರಡಿ ಆ ದೃಷ್ಟಿಯಿಂದಲೂ ಬೇಕು.

ಕನ್ನಡದಲ್ಲಿ ತಲೆಬರಹ ಬರೆಯುವ ನಮಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ತಲೆಬರಹವನ್ನೇ ಗುರುತಾಗಿ ಬಳಸಬೇಡಿ. ಕುಕೀಯಲ್ಲಿ ಅರ್ಧವಿರಾಮ, ಅಲ್ಪವಿರಾಮ, ಖಾಲಿ ಜಾಗಗಳನ್ನು ನೇರವಾಗಿ ಇಡುವಂತಿಲ್ಲವಾದ್ದರಿಂದ ಅದರಲ್ಲಿ ಬರೆಯುವುದನ್ನು ಸಾಮಾನ್ಯವಾಗಿ ಶೇಕಡಾ ಚಿಹ್ನೆಯ ಸಂಕೇತಕ್ಕೆ ಪರಿವರ್ತಿಸುತ್ತೇವೆ. ಯೂನಿಕೋಡಿನ ಒಂದೊಂದು ಕನ್ನಡ ಅಕ್ಷರಚಿಹ್ನೆ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ 3 ಬೈಟ್ ಹಿಡಿಯುತ್ತದೆ, ಈ ಪರಿವರ್ತನೆಯ ನಂತರ 9 ಬೈಟ್ ಆಗುತ್ತದೆ. ಸ್ವರಚಿಹ್ನೆ, ಒತ್ತು ಮೂಡಿಸುವ ಹಲಂತಚಿಹ್ನೆ (್) ಎಲ್ಲವೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. ‘ಸದಸ್ಯರ ಹೆಸರು’ ಎಂಬ ಪುಟ್ಟ ತಲೆಬರಹವೊಂದೇ 102 ಬೈಟ್ ನುಂಗುತ್ತದೆ. ಅದರ ಬದಲು ಒಂದೊಂದು ಕಾಲಂಗೆ ಒಂದೊಂದು ಇಂಗ್ಲಿಷ್ ಅಕ್ಷರವನ್ನು ಗೊತ್ತುಮಾಡಿ, ನಡುವೆ ಚುಕ್ಕೆಯಿಟ್ಟು ಬರೆದರೆ ನಿಮ್ಮ ಏಳೂ ಕಾಲಂಗಳ ಕ್ರಮ 13 ಬೈಟಿನಲ್ಲಿ ಮುಗಿಯುತ್ತದೆ. 2011ರಲ್ಲಿ ಹೊರಬಂದ ಆರ್‌ಎಫ್‌ಸಿ 6265 ಎಂಬ ನಿಯಮಾವಳಿಯು, ಪ್ರತಿ ಕುಕೀಗೆ ಕನಿಷ್ಠ 4,096 ಬೈಟ್, ಪ್ರತಿ ಡೊಮೇನಿಗೆ (ತಾಣದ ಹೆಸರಿಗೆ) ಕನಿಷ್ಠ 50 ಕುಕೀಗಳಿಗೆ ಬ್ರೌಸರ್ ಜಾಗ ಕೊಡಬೇಕೆಂದು ಹೇಳುತ್ತದೆ. ಅದಕ್ಕಿಂತ ಹೆಚ್ಚನ್ನು ನಂಬಿಕೊಳ್ಳಬಾರದು. ಮಿತಿಯೊಳಗಿದ್ದರೂ ದೊಡ್ಡ ಕುಕೀ ಹೊರೆಯೇ ಸರಿ, ಏಕೆಂದರೆ ಪುಟದ ಜೊತೆಗೆ ಅದೇ ತಾಣದ ಚಿತ್ರಗಳನ್ನು ಕೇಳುವಾಗಲೂ ಬ್ರೌಸರ್ ಅದನ್ನು ಸರ್ವರಿಗೆ ಹೊತ್ತೊಯ್ಯುತ್ತದೆ. ಹಳ್ಳಿಯ ಮೊಬೈಲ್ ಸಂಪರ್ಕದಲ್ಲಿ ಅದು ಗೊತ್ತಾಗುತ್ತದೆ.

ಇನ್ನು ಲೋಕಲ್ ಸ್ಟೋರೇಜ್. ಸುಮಾರು 5 ಎಂಬಿ ಜಾಗ, ಸರ್ವರಿಗೆ ಹೋಗದ ಮಾಹಿತಿ, ಅವಧಿ ಹೇಳುವ ಗೊಡವೆಯಿಲ್ಲ; ಆದ್ದರಿಂದಲೇ ಡೇಟಾಟೇಬಲ್ಸ್ ಎಂಬ, ವೆಬ್ ಕೋಷ್ಟಕಗಳ ಪ್ರಸಿದ್ಧ ಲೈಬ್ರರಿ (ಸಿದ್ಧ ಪ್ರೋಗ್ರಾಮುಗಳ ಸಂಗ್ರಹ) ತನ್ನ 1.10ನೇ ಆವೃತ್ತಿಯಲ್ಲಿ ಕುಕೀ ಬಿಟ್ಟು ಇದಕ್ಕೆ ಬಂದಿತು. (ಅದನ್ನು ಬಳಸುವವರು, ಸ್ಥಿತಿ ಉಳಿಸುವ ಅವಧಿ ಅಲ್ಲಿ ತಾನಾಗಿ 2 ಗಂಟೆಯೆಂದು ನಿಗದಿಯಾಗಿರುವುದನ್ನು ಗಮನಿಸಬೇಕು.) ಕೋಷ್ಟಕವನ್ನು ಬ್ರೌಸರಿನಲ್ಲೇ ಜಾವಾಸ್ಕ್ರಿಪ್ಟ್ ಕಟ್ಟುವುದಾದರೆ ನಾನೂ ಅದನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಸರ್ವರ್ ಕೋಷ್ಟಕವನ್ನು ಪೂರ್ತಿ ಬರೆದು ಕಳಿಸುವ ಪುಟದಲ್ಲಿ, ಲೋಕಲ್ ಸ್ಟೋರೇಜಿನಲ್ಲಿರುವುದು ಸರ್ವರಿಗೆ ತಿಳಿಯುವುದೇ ಇಲ್ಲ. ಮೊದಲು ಮೂಲ ಕ್ರಮ ಕಂಡು, ಕ್ಷಣದ ಮೇಲೆ ಕಾಲಂಗಳು ಕಣ್ಣೆದುರೇ ಜಾಗ ಬದಲಿಸುತ್ತವೆ. ನೂರಾರು ಸದಸ್ಯರ ಸಾಲುಗಳಿದ್ದರೆ ಆ ಜಿಗಿತ ಚೆನ್ನಾಗಿಯೇ ಕಾಣುತ್ತದೆ. ಕುಕೀಯಾದರೆ ಪುಟ ಕೇಳುವಾಗಲೇ ಜೊತೆಯಲ್ಲಿ ಹೋಗುವುದರಿಂದ ಸರ್ವರ್ ಮೊದಲ ಸಲವೇ ಸರಿಯಾದ ಕ್ರಮದಲ್ಲಿ ಬರೆಯಬಲ್ಲದು. 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲಿ ಕುಕೀಯನ್ನು ರೂಪಿಸಿದ್ದೂ ಪ್ರತಿ ಕೋರಿಕೆಯ ಜೊತೆಗೆ ಹಳೆಯ ನೆನಪು ಸರ್ವರಿಗೆ ತಲುಪಲೆಂದೇ. ನಿಮ್ಮ ಪುಟ ಈ ಎರಡನೆಯ ಬಗೆಯದಾಗಿದ್ದರೆ ಕುಕೀಯನ್ನೇ ಉಳಿಸಿಕೊಳ್ಳಿ. ಜೊತೆಗೆ, ಒಬ್ಬರ ಕ್ರಮದ ಪುಟವನ್ನು ನಡುವಿನ ಯಾವ ಕ್ಯಾಶೆಯೂ (ಪುಟದ ಪ್ರತಿಯನ್ನು ಇಟ್ಟುಕೊಳ್ಳುವ ವ್ಯವಸ್ಥೆ) ಇನ್ನೊಬ್ಬರಿಗೆ ಕೊಡದಂತೆ, ಪುಟವು ಖಾಸಗಿ ಎಂಬ ಕ್ಯಾಶೆ ಸೂಚನೆಯನ್ನು ಸರ್ವರ್ ಕಳುಹಿಸಲಿ.

ಪ್ರಶ್ನೆ: ನಮ್ಮ ಕಚೇರಿಯ ದಾಸ್ತಾನು ಪಟ್ಟಿಯಲ್ಲೂ ಕಾಲಂ ಸರಿಸುವ ಸೌಲಭ್ಯವಿದೆ. ಒಂದೇ ಕಂಪ್ಯೂಟರನ್ನು ಇಬ್ಬರು ಪಾಳಿಯಲ್ಲಿ ಬಳಸುತ್ತೇವೆ. ಒಬ್ಬರು ಮಾಡಿಟ್ಟ ಕ್ರಮ ಇನ್ನೊಬ್ಬರಿಗೆ ಬರುತ್ತದೆ. ಐಫೋನಿನಲ್ಲಿ ನೋಡಿದರೆ ವಾರ ಕಳೆಯುವಷ್ಟರಲ್ಲಿ ಕ್ರಮ ಅಳಿಸಿಹೋಗಿರುತ್ತದೆ. ಪರಿಹಾರವೇನು?
— ಓದುಗರು, ಮಂಗಳೂರು

ಉತ್ತರ: ಕುಕೀ ಬ್ರೌಸರಿಗೆ ಸೇರಿದ್ದು, ಕುರ್ಚಿಯಲ್ಲಿ ಕುಳಿತವರಿಗಲ್ಲ. ಲಾಗಿನ್ ಇರುವ ವ್ಯವಸ್ಥೆಯಾದರೆ ಕ್ರಮವನ್ನು ಬಳಕೆದಾರರ ಖಾತೆಯ ಜೊತೆ ಸರ್ವರಿನಲ್ಲೇ ಇಡಿಸಿ. ಆಗ ಅದು ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಆಗಿರುತ್ತದೆ, ಎರಡು ತೊಂದರೆಗಳೂ ಒಟ್ಟಿಗೆ ತೀರುತ್ತವೆ. ಅದು ಕೂಡಲೇ ಆಗದಿದ್ದರೆ ಕುಕೀಯ ಹೆಸರಿನಲ್ಲಿ ಬಳಕೆದಾರರ ಆಂತರಿಕ ಸಂಖ್ಯೆಯನ್ನು ಸೇರಿಸಿ ಇಬ್ಬರದನ್ನೂ ಪ್ರತ್ಯೇಕಿಸಬಹುದು.

ಐಫೋನಿನ ಸಮಸ್ಯೆ ಸಫಾರಿಯ ನಿಯಮದಿಂದ ಬಂದದ್ದಿರಬೇಕು. ಜಾಹೀರಾತುದಾರರು ಬಳಕೆದಾರರ ಜಾಡು ಹಿಡಿಯುವುದನ್ನು ತಡೆಯಲೆಂದು ಆಪಲ್, ಪುಟದೊಳಗಿನ ಜಾವಾಸ್ಕ್ರಿಪ್ಟ್ ಬರೆದ ಕುಕೀಗಳ ಆಯುಸ್ಸನ್ನು 2019ರಿಂದ 7 ದಿನಗಳಿಗೆ ಇಳಿಸಿತು. 2020ರಲ್ಲಿ ಲೋಕಲ್ ಸ್ಟೋರೇಜಿಗೂ ಮಿತಿ ಬಂದಿತು: ಸಫಾರಿಯನ್ನು ಬಳಸಿದ 7 ದಿನಗಳಲ್ಲಿ ಆ ತಾಣವನ್ನು ಒಮ್ಮೆಯೂ ಮುಟ್ಟದಿದ್ದರೆ ಅಲ್ಲಿರುವುದು ಅಳಿಯುತ್ತದೆ. ಉದ್ದೇಶ ಒಳ್ಳೆಯದೇ, ಕಾಲಂ ನೆನಪಿಡುವ ನಿರುಪದ್ರವಿ ಕುಕೀಯೂ ಅದರಡಿ ಸಿಕ್ಕಿಕೊಂಡಿದೆ. ಅದೇ ಕುಕೀಯನ್ನು ನಿಮ್ಮ ಸರ್ವರೇ ತನ್ನ ಉತ್ತರದ ಜೊತೆ ಕಳುಹಿಸಿದರೆ ಸಾಮಾನ್ಯವಾಗಿ ಈ ಮಿತಿ ತಾಕುವುದಿಲ್ಲ. ಕಾಲಂ ಅನ್ನು ಎಳೆದು ಬಿಟ್ಟ ಕೂಡಲೇ ಹೊಸ ಕ್ರಮವನ್ನು ಸರ್ವರಿಗೆ ತಿಳಿಸಿ, ಅದರ ಮೂಲಕ ಕುಕೀ ಬರೆಸಿ. ಎಳೆಯುತ್ತಿರುವಾಗ ಪ್ರತಿ ಚಲನೆಗೂ ಬರೆಸುವ ಅಗತ್ಯವಿಲ್ಲ.

‘ಮೂಲ ಕ್ರಮಕ್ಕೆ ಮರಳಿ’ ಎಂಬ ಗುಂಡಿಯೊಂದನ್ನೂ ಇಡಿಸಿ. ಅದನ್ನು ಒತ್ತಿದಾಗ ಕುಕೀಯ ಮ್ಯಾಕ್ಸ್-ಏಜ್ ಅನ್ನು 0 ಮಾಡಿ ಬರೆದರೆ ಅದು ಅಳಿಯುತ್ತದೆ, ಆದರೆ ಮೊದಲು ಕೊಟ್ಟಿದ್ದ ಪಾತ್ ಮತ್ತು ಡೊಮೇನನ್ನೇ ಈಗಲೂ ಕೊಡಬೇಕು. ಅವು ಬೇರೆಯಾದರೆ ಬ್ರೌಸರ್ ಅದನ್ನು ಇನ್ನೊಂದು ಕುಕೀಯೆಂದು ತಿಳಿದು ಹಳೆಯದನ್ನು ಹಾಗೆಯೇ ಬಿಡುತ್ತದೆ.