ಪೈಪಿನ ಹೊರಮೈ ಹೇಳುವ ಸುದ್ದಿ, ಹೇಳದ ಸುದ್ದಿ

ಪ್ರಶ್ನೆ: ನಾನು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತೇನೆ. ಮಗಳು ಕೋಲಾರದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ. ಅಣು ವಿದ್ಯುತ್ ಸ್ಥಾವರಗಳಲ್ಲಿ ಪೈಪಿನ ಹೊರಗೆ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ ಸೆನ್ಸರ್) ಕಟ್ಟಿ, ಪೈಪು ಎಷ್ಟು ದಣಿದಿದೆ ಅಂತ ಲೆಕ್ಕ ಹಾಕ್ತಾರೆ ಅಂದಳು. ಪೈಪಿಗೂ ದಣಿವಾ? ಹೊರಗೆ ಅಳೆದರೆ ಒಳಗಿನದು ಗೊತ್ತಾಗುತ್ತಾ?
– ಒಬ್ಬ ಓದುಗರು, ಮಾಲೂರು

ಉತ್ತರ: ದಣಿವು ಖಂಡಿತ ಇದೆ. ಕಟ್ಟು ತಂತಿಯನ್ನು ಒಮ್ಮೆ ಬಗ್ಗಿಸಿದರೆ ಏನೂ ಆಗಲ್ಲ. ಅದೇ ಜಾಗದಲ್ಲಿ ಹತ್ತಿಪ್ಪತ್ತು ಸಲ ಆಚೀಚೆ ಮಾಡಿದರೆ ತುಂಡಾಗುತ್ತದೆ. ಪೈಪನ್ನು ಕೈಯಿಂದ ಯಾರೂ ಬಗ್ಗಿಸುವುದಿಲ್ಲ, ಆ ಕೆಲಸವನ್ನು ಬಿಸಿ ಮತ್ತು ತಣ್ಣೀರು ಮಾಡುತ್ತವೆ. ಒಳಮೈ ದಿಢೀರನೆ ತಣ್ಣಗಾದರೆ ಅದು ಕುಗ್ಗಲು ನೋಡುತ್ತದೆ, ಹಿಂದಿರುವ ಬಿಸಿ ಲೋಹ ಬಿಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೀಗೆ ಬದಲಾಗುವ ಪ್ರತಿ ಒಂದು ಡಿಗ್ರಿಗೆ ಹೆಚ್ಚೆಂದರೆ 4ರಿಂದ 5 ಮೆಗಾಪಾಸ್ಕಲ್ (ಲೋಹದೊಳಗಿನ ಎಳೆತ ಅಳೆಯುವ ಮಾನ) ಎಳೆತ ಹುಟ್ಟುತ್ತದೆ. 80 ಡಿಗ್ರಿಗೆ ಎಷ್ಟಾಗುತ್ತದೆ ಅಂತ ಮಗಳೇ ಗುಣಿಸಿ ನೋಡಲಿ. ಪೈಪಿಗೆ ಕಷ್ಟ ಕೊಡುವುದು ಬಿಸಿಯಲ್ಲ, ಬಿಸಿಯ ಏರಿಳಿತ.

ಸ್ನಾನದ ಬಕೆಟ್ಟಿಗೆ ಬಿಸಿನೀರು ಹಾಕಿ, ತಣ್ಣೀರು ಬಿಟ್ಟು, ಕಲಕದೆ ಕೈ ಇಟ್ಟು ನೋಡಿ. ಒಂದು ಬೆರಳಿಗೆ ಚುರುಕ್, ಇನ್ನೊಂದಕ್ಕೆ ತಣ್ಣಗೆ. ಎರಡು ಪೈಪು ಸೇರುವ ಟೀ ಜೋಡಣೆಯಲ್ಲಿ ಇದೇ ನಡೆಯುತ್ತದೆ, ನಿಲ್ಲದೆ, ಕ್ಷಣಕ್ಷಣಕ್ಕೂ. 1998ರ ಮೇ ತಿಂಗಳಲ್ಲಿ ಫ್ರಾನ್ಸಿನ ಸಿವೋ ಸ್ಥಾವರದ ಮೊದಲ ಘಟಕದಲ್ಲಿ, ರಿಯಾಕ್ಟರ್ ನಿಂತ ಮೇಲೆ ಶಾಖ ತೆಗೆಯುವ ಪೈಪು ಹೀಗೇ ಸೀಳಿತು. ಬಿರುಕಿನ ಉದ್ದ ಸುಮಾರು 18 ಸೆಂಟಿಮೀಟರ್. ಗಂಟೆಗೆ ಸುಮಾರು 30 ಸಾವಿರ ಲೀಟರ್ ಸೋರಿಕೆ. ಅದು ಹಳೇ ಸ್ಥಾವರ ಅಲ್ಲ, ಹೊಚ್ಚ ಹೊಸದು!

ಇನ್ನೊಂದು ಬಗೆ ನಿಧಾನದ್ದು. ಅಡ್ಡ ಪೈಪಿನಲ್ಲಿ ನೀರು ಮೆಲ್ಲಗೆ ಹರಿದರೆ ಬಿಸಿ ಮೇಲೆ, ತಣ್ಣನೆಯದು ಕೆಳಗೆ ಪದರಗಟ್ಟುತ್ತದೆ. ಸೋಲಾರ್ ಟ್ಯಾಂಕಿನ ಹಾಗೆ ಅಂದುಕೊಳ್ಳಿ. 1987ರ ಡಿಸೆಂಬರಿನಲ್ಲಿ ಅಮೆರಿಕದ ಫಾರ್ಲಿ ಸ್ಥಾವರದ ಎರಡನೇ ಘಟಕದಲ್ಲಿ, ಮುಚ್ಚಿದ್ದ ವಾಲ್ವಿನಿಂದ ತಣ್ಣೀರು ಜಿನುಗಿ ಬಿಸಿ ಪೈಪು ಸೇರುತ್ತಿತ್ತು. ಅದರಿಂದಲೇ ಪೈಪು ಬಿರುಕುಬಿಟ್ಟಿತು. ಮರುವರ್ಷ ಅಲ್ಲಿನ ಅಣು ನಿಯಂತ್ರಣ ಆಯೋಗ, ಇಂಥ ಪೈಪುಗಳನ್ನು ಪರೀಕ್ಷಿಸಿ ಅಂತ ಸ್ಥಾವರಗಳಿಗೆಲ್ಲ ಹೇಳಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಪೈಪು ಕೊರೆದು ಒಳಗೆ ಸೆನ್ಸರ್ ಇಟ್ಟರೆ ಸೋರಲು ಹೊಸ ದಾರಿ ಮಾಡಿಕೊಟ್ಟಂತೆ. ಅದಕ್ಕೇ ಹೊರಮೈಗೆ, ಇನ್ಸುಲೇಷನ್ ಕೆಳಗೆ, ಸ್ಟೀಲ್ ಪಟ್ಟಿಯಿಂದ ಬಿಗಿದು ಕಟ್ಟುತ್ತಾರೆ. ಯುರೋಪಿನ ಕೆಲವು ಕಡೆ ಮೇಲಿನಿಂದ ಕೆಳಗಿನವರೆಗೆ ಅರ್ಧ ಸುತ್ತಿಗೆ 7 ಥರ್ಮೋಕಪಲ್ ಇರುತ್ತವೆ, ಸೆಕೆಂಡಿಗೊಂದು ಓದು. ಪದರಗಟ್ಟಿದ್ದರೆ ಅದು ಸ್ಪಷ್ಟವಾಗಿ ಕಾಣುತ್ತದೆ. ಹೊರಗಿನ ಓದಿನಿಂದ ಒಳಮೈ ತಾಪಮಾನವನ್ನು ಹಿಮ್ಮುಖವಾಗಿ ಲೆಕ್ಕ ಹಾಕಿ, ಏರಿಳಿತಗಳನ್ನು ಎಣಿಸಿ, ಪ್ರತಿಯೊಂದೂ ಪೈಪಿನ ಆಯಸ್ಸಿನಲ್ಲಿ ಎಷ್ಟು ಪಾಲು ತಿಂದಿತು ಅಂತ ಕೂಡಿಸುತ್ತಾರೆ. ಆ ಮೊತ್ತ 1 ಮುಟ್ಟಬಾರದು.

ಆದರೆ ಒಂದು ಮಾತು ಮಗಳಿಗೆ ಒತ್ತಿ ಹೇಳಿ. 10 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಪೈಪಿನ ಒಳಮೈ 100 ಸೆಕೆಂಡಿಗೊಮ್ಮೆ ಏರಿಳಿದರೆ, ಅದರ ಬಹುಪಾಲು ಹೊರಗೂ ಕಾಣುತ್ತದೆ. ಅದೇ ಸೆಕೆಂಡಿಗೊಮ್ಮೆ ಏರಿಳಿದರೆ ಹೊರಗೆ ಏನೂ ಕಾಣುವುದಿಲ್ಲ. ಬಿಸಿಯ ಅಲೆ ಒಂದೆರಡು ಮಿಲಿಮೀಟರ್ ಒಳಗೇ ಸೊರಗಿಹೋಗಿರುತ್ತದೆ. ಗ್ರಾಫ್ ಗೆರೆ ನೆಟ್ಟಗಿದೆ ಅಂದಮಾತ್ರಕ್ಕೆ ಪೈಪು ಚೆನ್ನಾಗಿದೆ ಅಂತ ಅಲ್ಲ. ಹಾಗಾಗಿ ಟೀ ಜೋಡಣೆಯಲ್ಲಿ ಹೊರಗಿನ ಥರ್ಮೋಕಪಲ್ಲನ್ನೇ ನಂಬಿ ಕೂರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಂದು ಸೇರುವ ಎರಡೂ ನೀರಿನ ತಾಪಮಾನದ ಅಂತರ, ಆ ಅಂತರದಲ್ಲಿ ಎಷ್ಟು ಗಂಟೆ ಓಡಿಸಿದಿರಿ, ಇವೆರಡನ್ನೂ ಬರೆದಿಡಬೇಕು. ಬೆಸುಗೆಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಬೇಕು.

ನಿಲ್ಲಿಸಿ ಶುರು ಮಾಡುವುದು ಕಡಿಮೆಯಾದಷ್ಟೂ ದೊಡ್ಡ ಏರಿಳಿತಗಳು ಕಡಿಮೆ. ನಮ್ಮ ಕೈಗಾದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. ಅಷ್ಟು ದಿನ ಆ ಪೈಪುಗಳಿಗೆ ಸ್ಥಾವರ ನಿಲ್ಲಿಸಿ ಶುರು ಮಾಡುವಾಗಿನ, ಕಾದು ಆರುವ ಒಂದು ಸುತ್ತೂ ಇರಲಿಲ್ಲ ಅಂತ ನೆನೆದರೆ ಸಂತೋಷವಾಗುತ್ತದೆ.

ನಿಮ್ಮ ಬಾಯ್ಲರಿನಲ್ಲೂ ಇದನ್ನು ಮಾಡಿ ನೋಡಬಹುದು. ಬಾಯ್ಲರಿಗೆ ನೀರು ತರುವ ಫೀಡ್ ವಾಟರ್ ಲೈನಿನ ಚೆಕ್ ವಾಲ್ವಿಗೂ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಪಂಪಿಗೂ ನಡುವೆ, ಅಡ್ಡ ಪೈಪಿನ ಮೇಲೊಂದು, ಕೆಳಗೊಂದು ಥರ್ಮೋಕಪಲ್ ಕಟ್ಟಿ. ನಿಮಿಷದ ಸರಾಸರಿ ಬೇಡ, ಸೆಕೆಂಡಿನ ಓದು ಬೇಕು. ಪಂಪು ನಿಂತ ಮೇಲೆ ಮೇಲಿನದು ಏರುತ್ತಾ ಹೋಗಿ ಕೆಳಗಿನದು ತಣ್ಣಗೇ ಉಳಿದರೆ, ಬಾಯ್ಲರಿನ ಬಿಸಿನೀರು ಹಿಂದಕ್ಕೆ ಜಿನುಗುತ್ತಿರಬಹುದು. ಮುಂದಿನ ಶಟ್‌ಡೌನಿನಲ್ಲಿ ಆ ವಾಲ್ವ್ ಬಿಚ್ಚಿಸಿ ನೋಡಿ. ಮಗಳನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ.