ಮೂರು ಸ್ಟೇಷನ್ ಹತ್ತಿರ, ಮೂರು ಕಿಲೋಮೀಟರ್ ದೂರ

ಓದುಗರ ಪತ್ರ: ನನ್ನ ಕಚೇರಿ ಎಂ.ಜಿ. ರಸ್ತೆಯಲ್ಲಿ. ಎರಡು ಬಾಡಿಗೆ ಮನೆ ನೋಡಿದ್ದೇವೆ. ಒಂದು ರಾಜರಾಜೇಶ್ವರಿ ನಗರದ ಒಳಗೆ, ಚನ್ನಸಂದ್ರದ ದಾರಿಯಲ್ಲಿ, ಮೆಟ್ರೊ ಸ್ಟೇಷನ್‌ನಿಂದ ಮೂರು ಕಿ.ಮೀ. ಇನ್ನೊಂದು ಕೆಂಗೇರಿ ಉಪನಗರದಲ್ಲಿ, ಕೆಂಗೇರಿ ಬಸ್ ಟರ್ಮಿನಲ್ ಸ್ಟೇಷನ್‌ಗೆ 700 ಮೀಟರ್. ಇದರ ಬಾಡಿಗೆ 2,000 ರೂಪಾಯಿ ಜಾಸ್ತಿ. ಆರ್.ಆರ್. ನಗರವೇ ಸಿಟಿಗೆ ಹತ್ತಿರವಲ್ಲವೇ?

ಸಂಪಾದಕರ ಉತ್ತರ: ಹತ್ತಿರ ಇರುವುದು ಸ್ಟೇಷನ್, ನೀವು ನೋಡಿದ ಮನೆಯಲ್ಲ.

ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲಿ ಆರ್.ಆರ್. ನಗರಕ್ಕೂ ಕೆಂಗೇರಿ ಬಸ್ ಟರ್ಮಿನಲ್‌ಗೂ ನಡುವೆ ಇರುವುದು ಜ್ಞಾನಭಾರತಿ, ಪಟ್ಟಣಗೆರೆ ಎರಡೇ. ರೈಲಿನಲ್ಲಿ ಆರೇಳು ನಿಮಿಷದ ಮಾತು. ಟಿಕೆಟ್‌ನಲ್ಲಿ ವ್ಯತ್ಯಾಸ ಬಿದ್ದರೂ ಒಂದು ಹಂತದ್ದು, ಹತ್ತು ರೂಪಾಯಿ. ಇನ್ನು ಮನೆಯಿಂದ ಸ್ಟೇಷನ್ ಲೆಕ್ಕ ಹಾಕಿ. 700 ಮೀಟರ್ ನಡೆಯಲು ಒಂಬತ್ತು ನಿಮಿಷ, ಮಳೆ ಬಂದರೆ ಹನ್ನೆರಡು. ಮೂರು ಕಿ.ಮೀ. ಆಟೊ ಭಾನುವಾರ ಎಂಟೇ ನಿಮಿಷ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಆರ್.ಆರ್. ನಗರದ ಆರ್ಚ್ ಬಳಿ ಮೈಸೂರು ರಸ್ತೆ ಸೇರುವಲ್ಲಿ ಸಿಕ್ಕಿಕೊಂಡರೆ ಇಪ್ಪತ್ತೂ ಸಾಲದು. ಬ್ರೋಕರ್ ಮನೆ ತೋರಿಸುವುದು ಭಾನುವಾರವೇ ಎಂಬುದನ್ನು ಮರೆಯಬೇಡಿ.

ದುಡ್ಡಿಗೆ ಬನ್ನಿ. 2025ರ ಆಗಸ್ಟ್‌ನಿಂದ ಆಟೊ ಮೀಟರ್ ದರ ಮೊದಲ ಎರಡು ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18. ಮೂರು ಕಿ.ಮೀ.ಗೆ 54. ದಿನಕ್ಕೆ ಎರಡು ಸಲ, ತಿಂಗಳಿಗೆ 22 ದಿನ ಅಂದರೆ 2,376 ರೂಪಾಯಿ. ಅದೂ ಆಟೊದವರು ಮೀಟರ್ ಹಾಕಿದರೆ! ಉಳಿಸಿದ ಬಾಡಿಗೆ ಅಲ್ಲೇ ಕರಗಿತು.

ಕೆಂಗೇರಿ ಕಡೆ ಇನ್ನೊಂದು ಅನುಕೂಲ: ರೈಲು ಚಲ್ಲಘಟ್ಟದಿಂದ ಹೊರಟು ಎರಡನೇ ನಿಲ್ದಾಣಕ್ಕೇ ನಿಮ್ಮ ಹತ್ತಿರ ಬರುತ್ತದೆ, ಸೀಟು ಸಿಗುವ ಸಂಭವ ಹೆಚ್ಚು. ಸಂಜೆ ಮಾತ್ರ ಎರಡೂ ಕಡೆಯವರಿಗೆ ಒಂದೇ ಪಾಡು. ಕೆಲವು ರೈಲುಗಳು ಮೈಸೂರು ರಸ್ತೆ ಸ್ಟೇಷನ್‌ನಲ್ಲೇ ವಾಪಸ್ ತಿರುಗುತ್ತವೆ. ಬೋರ್ಡಿನಲ್ಲಿ ‘ಚಲ್ಲಘಟ್ಟ’ ಎಂದು ನೋಡಿ ಹತ್ತಿ, ಇಲ್ಲವಾದರೆ ಇಳಿದು ಮತ್ತೆ ಕಾಯಬೇಕು.

ಅಡ್ವಾನ್ಸ್ ಕೊಡುವ ಮುಂಚೆ ವಾರದ ನಡುವೆ ಒಂದು ದಿನ ಎರಡೂ ಮನೆಗಳ ಗೇಟಿನಿಂದ ಕಚೇರಿಯ ಕುರ್ಚಿಯವರೆಗೆ ಗಡಿಯಾರ ಹಿಡಿದು ಹೋಗಿ ಬನ್ನಿ. ಸಂಜೆಯ ವಾಪಸಾತಿಯನ್ನು ಬಿಡಬೇಡಿ. ಬೆಳಿಗ್ಗೆ ಸಿಕ್ಕಿದ ಆಟೊ ರಾತ್ರಿ ಎಂಟಕ್ಕೆ ಒಳಗಿನ ಬಡಾವಣೆಗೆ ಬರಲು ಒಪ್ಪುತ್ತದೆಯೇ ಎಂಬುದು ಆಗಲೇ ಗೊತ್ತಾಗುವುದು. ಹೋಗುವಾಗ ಹದಿನೈದು, ಬರುವಾಗ ಹದಿನೈದು ನಿಮಿಷ ಹೆಚ್ಚಾದರೂ ತಿಂಗಳಿಗೆ ಹನ್ನೊಂದು ಗಂಟೆ. ಕೆಂಗೇರಿ–ವೈಟ್‌ಫೀಲ್ಡ್ ಉಪನಗರ ರೈಲು ‘ಪಾರಿಜಾತ’ದ ಹೆಸರು ಹೇಳಿ ಯಾರಾದರೂ ಬಾಡಿಗೆ ಏರಿಸಿದರೆ ಒಪ್ಪಬೇಡಿ. ಓಡದ ರೈಲಿಗೆ ಈಗಲೇ ಟಿಕೆಟ್ ಕೊಂಡ ಹಾಗಾಗುತ್ತದೆ.

ನಿಮ್ಮ ಪತ್ರದ ಮಟ್ಟಿಗೆ ನಮ್ಮ ಮತ ಕೆಂಗೇರಿಗೆ. ಆದರೆ ನಿಮ್ಮದೇ ಸ್ಕೂಟರ್ ಇದ್ದು, ಆರ್.ಆರ್. ನಗರ ಸ್ಟೇಷನ್ ಹತ್ತಿರ ಬೆಳಿಗ್ಗೆ ಒಂಬತ್ತಕ್ಕೂ ಅದನ್ನು ನಿಲ್ಲಿಸಲು ಜಾಗ ಸಿಗುತ್ತದೆ ಎಂದು ಕಣ್ಣಾರೆ ಕಂಡರೆ ಈ ಲೆಕ್ಕ ಮಗುಚುತ್ತದೆ.